ಹಿಂದೆ ನಿಂತು ಕೆಮ್ಮುವವನು

ತಾವರೆಕೆರೆ, ಬಿ.ಟಿ.ಎಂ. ಬಡಾವಣೆ,
ಬೆಂಗಳೂರು
ಭಾನುವಾರ, ೧೮ ಜನವರಿ ೨೦೨೬

ಪ್ರೀತಿಯ ತಮ್ಮ ಪಾಪಯ್ಯನಿಗೆ ಅಣ್ಣ ಬೋರಣ್ಣನ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಕನಕಪುರದ ಚಳಿಗೆ ನಿನ್ನ ಎದೆ ಕಟ್ಟಿಕೊಳ್ಳುತ್ತದೆ ಅನ್ನುವುದು ನನಗೆ ಗೊತ್ತು. ತಂಗಿ ಅಂಕಮ್ಮ ಮೆಣಸಿನ ಕಷಾಯ ಕಾಯಿಸಿ ಕೊಡುತ್ತಿದ್ದಾಳೋ, ಇಲ್ಲ ಅಣ್ಣ ಬೇಡ ಅಂದ ಅಂತ ಸುಮ್ಮನಾಗಿದ್ದಾಳೋ? ನೀನು ಬೇಡ ಅಂದರೂ ಕುಡಿಸಬೇಕು ಅಂತ ಅವಳಿಗೆ ಹೇಳು. ಬಲಗಾಲಿನ ಮಂಡಿ ಈಗ ಹೇಗಿದೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನನ್ನ ನಂಬರು ಕಂಡ ಕೂಡಲೇ ನೀನು ಕಟ್ ಮಾಡುತ್ತೀಯ. ಮೊನ್ನೆ ಸೊಣ್ಣಮ್ಮನ ಫೋನಿನಿಂದ ಮಾಡಿದೆ. "ಹೇಳಿ ಅತ್ತಿಗೆ" ಅಂತ ಎಷ್ಟು ಪ್ರೀತಿಯಿಂದ ಎತ್ತಿಕೊಂಡೆ, ನನ್ನ ಗಂಟಲು ಕೇಳಿದ್ದೇ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಅದಕ್ಕೂ ಮೊದಲು ಅಕ್ಷರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಿನ್ನ ಮಗ ರವಿಕುಮಾರ ಇದನ್ನು ಕನಕಪುರದ ಬಸ್ಸಿನ ಕಂಡಕ್ಟರ್ ಗೆಳೆಯನ ಕೈಯಲ್ಲಿ ಕಳಿಸುತ್ತಾನಂತೆ. ಜೊತೆಗೆ ಒಂದು ಚೀಲ ಅವರೆಕಾಯಿಯೂ ಬರುತ್ತದೆ. ಸೊಗಡು ಚೆನ್ನಾಗಿದೆ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಲು ಹೋದೆ, ಕೈ ನಿಂತಿತು. ಇದ್ದೇವೆ, ಅಷ್ಟೇ. ನನಗೆ ಸುಸ್ತಾಗಿದೆ ಪಾಪಯ್ಯ. ರೋಗ ಏನಿಲ್ಲ, ಡಾಕ್ಟರು ಕೂಡ ನೋಡಿ ಏನಿಲ್ಲ ಅಂದರು. ಬೆಳಿಗ್ಗೆ ಎದ್ದರೆ ನೀರಿನ ಟ್ಯಾಂಕರಿನವನ ಜೊತೆ ಜಗಳ, ಅದು ಮುಗಿಯುವ ಹೊತ್ತಿಗೆ ಮೂರನೇ ಮಹಡಿಯ ಹುಡುಗರ ಗೀಸರ್ ಕೆಟ್ಟಿರುತ್ತದೆ, ಅದನ್ನು ನೋಡಿ ಇಳಿದರೆ ಗೇಟಿಗೆ ಅಡ್ಡ ಯಾರೋ ಕಾರು ನಿಲ್ಲಿಸಿರುತ್ತಾರೆ. ಮೊದಲು ನೀನು ಮೇಲಿನದು ನೋಡುತ್ತಿದ್ದೆ, ನಾನು ಕೆಳಗಿನದು ನೋಡುತ್ತಿದ್ದೆ. ಈಗ ಮೆಟ್ಟಿಲ ಮಧ್ಯದಲ್ಲೇ ಕೂತು ಉಸಿರು ಎಳೆದುಕೊಳ್ಳುತ್ತೇನೆ. ದಾರಿಯಲ್ಲಿ ಹೋಗಿಬರುವ ಬಾಡಿಗೆ ಹುಡುಗರು "ಏನಂಕಲ್, ವಾಕಿಂಗಾ?" ಅಂತ ಕೇಳುತ್ತಾರೆ.

ಕೆಳಗಿನ ಅಂಗಡಿ ಕೋಣೆಯ ವಿಷಯ ನಿನಗೆ ಬೇಡ ಅಂತ ಗೊತ್ತು, ಆದರೂ ಹೇಳುತ್ತೇನೆ. ದುಂಡವ್ವನ ಖಾನಾವಳಿ ಚೆನ್ನಾಗಿ ನಡೆಯುತ್ತಿದೆ. ಮಧ್ಯಾಹ್ನ ಆಫೀಸು ಹುಡುಗರು ರಸ್ತೆವರೆಗೆ ನಿಲ್ಲುತ್ತಾರೆ. ಎಣಗಾಯಿ ಪಲ್ಯ ಇರುವ ದಿನ ನಾನೂ ಎರಡು ಜೋಳದ ರೊಟ್ಟಿ ತಿನ್ನುತ್ತೇನೆ. ನೀನು ಅವಳಿಗೆ ಕೋಣೆ ಕೊಟ್ಟದ್ದು ತಪ್ಪು ಅಂತ ನಾನು ಯಾವತ್ತೂ ಹೇಳಲಿಲ್ಲ. ನನ್ನನ್ನು ಕೇಳದೆ ಕೊಟ್ಟದ್ದು ತಪ್ಪು ಅಂದೆ, ಈಗಲೂ ಅದೇ ಅನ್ನುತ್ತೇನೆ. ನಾನು ಅದೇ ಕೋಣೆಯನ್ನು ನಿನ್ನ ಕೇಳದೆ ಮೊಬೈಲ್ ಅಂಗಡಿಯವನಿಗೆ ಕೊಡುತ್ತೇನೆ ಅಂದಿದ್ದೆ, ಅದು ಬೇರೆ ವಿಷಯ. ಗೌರಿ ಹಬ್ಬಕ್ಕೆ ಮುಂಚೆ ಆ ದಿನ ಅವನು ಗಾಜಿನ ಬೀರು ಇಳಿಸುವ ಹೊತ್ತಿಗೆ ಇವಳು ಒಳಗೆ ಹಾಲು ಉಕ್ಕಿಸಿ ಆಗಿತ್ತು. ಹಾಲು ಉಕ್ಕಿದ ಒಲೆಯನ್ನು ಆರಿಸು ಅನ್ನಲು ನನಗೂ ಬಾಯಿ ಬರಲಿಲ್ಲ. ಬಂದ ಮಾತು ಒಂದೇ, "ಈ ಮನೆಗೆ ಯಜಮಾನ ಯಾರೋ?" ಅಂತ. ನೀನು "ಯಜಮಾನ್ರು ಇರೋ ಮನೇಲಿ ನಂಗೇನು ಕೆಲಸ" ಅಂದು ಚೀಲ ಹಿಡಿದು ಹೊರಟೆ. ಬೀದಿಯೆಲ್ಲ ನೋಡಿತು. ಸಂಜೆ ಬರುತ್ತೀಯ ಅಂದುಕೊಂಡೆ. ದಸರಾಕ್ಕೆ ಬರುತ್ತೀಯ ಅಂದುಕೊಂಡೆ. ದೀಪಾವಳಿಗೆ ಸೊಣ್ಣಮ್ಮ ನಿನ್ನ ಪಾಲಿನ ಕಜ್ಜಾಯ ಎತ್ತಿಟ್ಟು, ಆಮೇಲೆ ಅವಳೇ ತಿಂದಳು.

ನಮ್ಮಿಬ್ಬರ ಮಾತು ಹಾಗಿರಲಿ. ನಿನ್ನ ಮೊಮ್ಮಗಳು ಹೇಮಶ್ರೀಗೆ ನೀನು ಕೊಟ್ಟ ಮಾತು ಒಂದಿತ್ತಲ್ಲ, ಏಳನೇ ಕ್ಲಾಸು ಪಾಸು ಮಾಡಿದರೆ ಗೇಮ್ ಆಡುವ ಕಂಪ್ಯೂಟರು ಅಂತ. ಮಗು ಪಾಸು ಮಾಡಿ, ಎಂಟನೇ ಕ್ಲಾಸಿನ ಅರ್ಧ ವರ್ಷವೂ ಮುಗಿಯಿತು. ನೀನು ದೇವರ ಗೂಡಿನಲ್ಲಿ ಇಟ್ಟು ಹೋದ ಐವತ್ತು ಸಾವಿರದ ಮೇಲೆ ದಿನಾ ಹೂವು ಏರಿಸಿ ಏರಿಸಿ ಸೊಣ್ಣಮ್ಮನಿಗೆ ಬೇಸರ ಬಂತು. ಹೇಮ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಗದರಬಹುದಿತ್ತು. "ತಾತ ಬಂದ್ಮೇಲೆ ತಗೊಳ್ಳೋಣ" ಅನ್ನುತ್ತಿದ್ದವಳು ದೀಪಾವಳಿ ಆದಮೇಲೆ ಅದನ್ನೂ ಹೇಳುವುದು ಬಿಟ್ಟಳು. ಆ ಬಿಟ್ಟದ್ದು ನನಗೆ ತಡೆಯಲಾಗಲಿಲ್ಲ. ತಾತ ಮಾತಿಗೆ ತಪ್ಪಿದ ಅಂತ ಮಗು ಅಂದುಕೊಂಡರೆ, ಆ ತಪ್ಪು ನಿನ್ನೊಬ್ಬನ ಲೆಕ್ಕಕ್ಕೆ ಹೋಗುವುದಿಲ್ಲವಲ್ಲ. ರವಿಕುಮಾರನನ್ನು ಕೇಳಿದೆ. ದಿನವಿಡೀ ಸಿಟಿ ಬಸ್ಸು ಓಡಿಸಿ ಬಂದವನು ಚಪ್ಪಲಿ ಬಿಡುತ್ತಾ "ದೊಡ್ಡಪ್ಪ, ನಂಗೆ ಸ್ಟೇರಿಂಗ್ ಬಿಟ್ರೆ ಏನೂ ಗೊತ್ತಿಲ್ಲ, ನೀವೇ ನೋಡ್ಕಳಿ" ಅಂದ. ಹಾಗಾಗಿ ಸಂಕ್ರಾಂತಿಗೆ ತಂದುಬಿಡೋಣ ಅಂತ ನಾನೇ ಹೊರಟೆ.

ಇನ್ನು ಮುಂದಿನದು ಕಥೆ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವ ಕೆಲಸ ನಿನ್ನದಾಗಿತ್ತು, ನೆನಪಿದೆಯಾ? ನಿನಗೆ ನಿದ್ದೆ ಬಂದು ಹೂಂ ನಿಂತರೆ ಅಜ್ಜಿ ರಾಜಕುಮಾರನನ್ನು ಹಾಗೇ ಕಾಡಿನಲ್ಲಿ ಬಿಟ್ಟು ಮಲಗಿಬಿಡುತ್ತಿದ್ದಳು. ಓದುತ್ತಾ ಅಲ್ಲಲ್ಲಿ ಹೂಂ ಅನ್ನು. ನನಗೆ ಕೇಳದಿದ್ದರೂ ಪರವಾಗಿಲ್ಲ.

ಕಂಪ್ಯೂಟರು ಅಂದರೆ ಟಿವಿ ಹಾಗೆ ಇಡಿಯಾಗಿ ಸಿಗುತ್ತದೆ ಅಂದುಕೊಂಡಿದ್ದೆ. ಗೇಮಿನದು ಹಾಗಲ್ಲವಂತೆ. ಒಂದೊಂದು ಭಾಗವನ್ನೂ ಬೇರೆ ಬೇರೆ ಆರಿಸಿ ಕೂಡಿಸಬೇಕಂತೆ. ಹೇಮ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ಲೆಕ್ಕ ಮಾಡುವುದು ಪ್ರೊಸೆಸರ್, ಬೊಂಬೆ ಕುಣಿಸುವುದು ಗ್ರಾಫಿಕ್ಸ್ ಕಾರ್ಡ್, ಕೈಗೆ ಬೇಕಾದ್ದನ್ನು ಹತ್ತಿರ ಇಟ್ಟುಕೊಳ್ಳುವುದು ರ‍್ಯಾಮ್. ಈ ರ‍್ಯಾಮಿನ ಬೆಲೆ ಇದ್ದಕ್ಕಿದ್ದ ಹಾಗೆ ಚಿನ್ನದ ಹಾಗೆ ಏರಿಬಿಟ್ಟಿದೆಯಂತೆ. ನೀನು ದೀಪಾವಳಿಗೇ ಬಂದಿದ್ದರೆ ಅಗ್ಗಕ್ಕೆ ಸಿಗುತ್ತಿತ್ತು, ಇರಲಿ. ಇವೆಲ್ಲಕ್ಕೂ ಕರೆಂಟು ಅಳೆದು ಕೊಡುವ ಡಬ್ಬಿ ಎಸ್‌ಎಂಪಿಎಸ್. "ಪ್ರೊಸೆಸರ್ ಸಖತ್ ಸ್ಟ್ರಾಂಗ್ ತಗೊಂಡು ಕಾರ್ಡ್ ವೀಕ್ ಹಾಕಿದ್ರೆ ವೇಸ್ಟು ದೊಡ್ಡತಾತ, ಎರಡೂ ಮ್ಯಾಚ್ ಆಗ್ಬೇಕು" ಅಂದಳು. ಇಷ್ಟೇನಾ ಅನ್ನಿಸಿತು. ಹೋರಿಗೂ ಕರುವಿಗೂ ಒಂದೇ ನೊಗ ಹೂಡಿದರೆ ನೇಗಿಲು ಸುತ್ತುತ್ತದೆ ಅನ್ನುವುದು ನಮಗೆ ಯಾರು ಹೇಳಿಕೊಡಬೇಕು? ಘಾಟಿಯ ದನದ ಪರಿಷೆಯಲ್ಲಿ ಜೋಡಿ ಕೂಡಿಸಿದವರು ನಾವು. ಈ ಹುಮ್ಮಸ್ಸೇ ನನ್ನನ್ನು ಹಾಳು ಮಾಡಿದ್ದು. ಜೋಡಿ ಕೂಡಿಸಿದವರು ನಾವಿಬ್ಬರು ಅನ್ನುವುದು ಮರೆತೆ.

ನಾನು ಎತ್ತಿನ ಮುಂದೆ ಕೂತು ಹಲ್ಲು ನೋಡುತ್ತಿದ್ದೆ, ಸುಳಿ ನೋಡುತ್ತಿದ್ದೆ, ಕೊಂಬಿಗೆ ಮನಸೋಲುತ್ತಿದ್ದೆ. ನೀನು ನನಗೆ ಸಂಬಂಧವೇ ಇಲ್ಲದವನ ಹಾಗೆ ಬೀಡಿ ಕಚ್ಚಿಕೊಂಡು ಹಿಂದೆ ನಿಂತು ಗೊರಸು, ತೊಡೆ, ನಡಿಗೆ ನೋಡುತ್ತಿದ್ದೆ. ದಲ್ಲಾಳಿ ಟವಲಿನ ಕೆಳಗೆ ನನ್ನ ಬೆರಳು ಹಿಡಿದು ಬೆಲೆ ಒಪ್ಪಿಸಿ, ನಾನು ಸಂಚಕಾರದ ನೋಟು ತೆಗೆಯುವಾಗ ಹಿಂದಿನಿಂದ ಕೆಮ್ಮು ಬಂದರೆ ಎದ್ದುಬಿಡಬೇಕು. ಬರದಿದ್ದರೆ ಕೊಡಬೇಕು. ಹತ್ತಾರು ಜೋಡಿ ಹಾಗೇ ಕೊಂಡೆವು. ನಿನ್ನ ಕೆಮ್ಮು ಮೀರಿ ನಾನು ತಂದದ್ದು ಆ ಕೆಂದೆತ್ತು ಒಂದೇ. ನೊಗ ಕಂಡ ಕೂಡಲೇ ಮಲಗಿಬಿಡುತ್ತಿತ್ತು, ಮುಂಡೇದು.

ಸರಿ, ಹೇಮಳನ್ನು ಕರೆದುಕೊಂಡು ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ ಎಸ್.ಪಿ. ರಸ್ತೆಗೆ ನಡೆದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಕಡೆ ಕೇಳಿದ್ದೆವು, ನಮ್ಮ ದುಡ್ಡಿಗೆ ಅಲ್ಲಿ ಬರೀ ಕುರ್ಚಿ ಬರುತ್ತದೆ. ಎಸ್.ಪಿ. ರಸ್ತೆಯ ನೂಕುನುಗ್ಗಲು ನಿನಗೆ ಗೊತ್ತಲ್ಲ. ಮೊದಲು ಹೊಕ್ಕ ಅಂಗಡಿ ಒಂದು ಬಿಲ. ಯಜಮಾನ ದಪ್ಪಗೆ, ಕನ್ನಡಕ ಹಣೆಯ ಮೇಲೆ. "ಗೇಮಿಂಗಾ, ಆಫೀಸ್ ಯೂಸಾ ಯಜಮಾನ್ರೇ?" ಅಂದ. "ಬಸ್ ಓಡ್ಸಕ್ಕೆ" ಅಂದೆ. "ಅದಕ್ಕೆ ಡಿಪೋಗೆ ಹೋಗ್ಬೇಕಿತ್ತಲ್ಲ ಸಾರ್" ಅಂತ ಅಂಗಡಿಯೆಲ್ಲ ನಗಿಸಿದ. ಹೇಮ ಕೋಪಿಸಿಕೊಂಡು ತನ್ನ ಬಸ್ಸಿನ ಆಟದ ಹೆಸರು, ಅದಕ್ಕೆ ಎಂಥೆಂಥದು ಬೇಕು ಅನ್ನುವುದನ್ನು ಬಾಯಿಪಾಠ ಒಪ್ಪಿಸಿದಳು. ಅವನು ನಗು ನಿಲ್ಲಿಸಿ ಕನ್ನಡಕ ಇಳಿಸಿದ. ಒಂದೊಂದೇ ಡಬ್ಬ ಇಳಿಸಿ ಜೋಡಿಸಿಟ್ಟ. ಚೆಂದ ಏನಿರಲಿಲ್ಲ. ಕ್ಯಾಬಿನೆಟ್ಟು ನಮ್ಮ ಹಳೇ ರಾಗಿ ಡಬ್ಬದ ಹಾಗೆ ಕರ್ರಗೆ. "ಲೈಟಿಗೆ ದುಡ್ಡು ಹಾಕ್ಬೇಡಿ, ಎಸ್‌ಎಂಪಿಎಸ್‌ಗೆ ಹಾಕಿ" ಅಂದ. ಬೆಲೆ ಕೂತಿತು. ನಾನು ಪಂಚೆ ಸರಿಮಾಡಿಕೊಂಡು ಜೇಬಿಗೆ ಕೈ ಹಾಕಿದೆ. ಆಗ ಹಿಂದೆ ಕೆಮ್ಮು ಬಂತು.

ನಿನ್ನ ಕೆಮ್ಮೇ ಪಾಪಯ್ಯ. ಒಣಗೆಮ್ಮು, ಎರಡು ಸಲ, ಕೊನೆಯಲ್ಲಿ ಗಂಟಲು ಎಳೆಯುವುದು. ಜೇಬಿನಿಂದ ಕೈ ಬರಿದೇ ಬಂತು. ತಿರುಗಿ ನೋಡಿದರೆ ಹೆಲ್ಮೆಟ್ ಹಾಕಿದ ಕೊರಿಯರ್ ಹುಡುಗ. "ಸಾರಿ ಅಂಕಲ್, ಡಸ್ಟ್ ಅಲರ್ಜಿ" ಅಂದ. ಅದು ನೀನಲ್ಲ ಅಂತ ನನಗೆ ತಿಳಿಯದೆ ಇಲ್ಲ. ನೀನು ಕನಕಪುರದಲ್ಲಿ ಅಂಕಮ್ಮನ ಜಗಲಿ ಮೇಲೆ ಕೂತಿದ್ದೀಯ ಅಂತಲೂ ಗೊತ್ತು. ಆದರೂ ಕೆಮ್ಮು ಬಿದ್ದ ವ್ಯಾಪಾರಕ್ಕೆ ಕೈ ಮುಂದಕ್ಕೆ ಹೋಗಲೇ ಇಲ್ಲ. ನಲವತ್ತು ವರ್ಷದ ಪಳಗಿಕೆ, ಬುದ್ಧಿ ಹೇಳಿದರೆ ಕೇಳುತ್ತದೆಯೇ? "ಆಮೇಲೆ ಬರ್ತೀವಿ" ಅಂತ ಎದ್ದುಬಿಟ್ಟೆ. ಅಂಗಡಿಯವನು ಡಬ್ಬಗಳನ್ನು ನೋಡಿದ, ನನ್ನನ್ನು ನೋಡಿದ. "ಬಸ್ಸು ಹೊರಟೋಯ್ತಲ್ಲಪ್ಪ" ಅಂದ. ರಸ್ತೆಯಲ್ಲಿ ಹೇಮ "ಯಾಕೆ ದೊಡ್ಡತಾತ, ಅವ್ರು ಹೇಳಿದ್ದು ಕರೆಕ್ಟಾಗೇ ಇತ್ತಲ್ಲ?" ಅಂದಳು. "ಇನ್ನೊಂದ್ ಕಡೆ ನೋಡಣ ಬಾ" ಅಂದೆ.

ಇನ್ನೊಂದು ಕಡೆ ಗಾಜಿನ ಬಾಗಿಲು, ಒಳಗೆ ಎ.ಸಿ. ತಂಪು. ಮಾರುವ ಹುಡುಗ ಟೈ ಕಟ್ಟಿದ್ದ. ಅವನು ತೋರಿಸಿದ ಕ್ಯಾಬಿನೆಟ್ಟಿಗೆ ಒಂದು ಪಕ್ಕ ಪೂರಾ ಗಾಜು, ಒಳಗೆ ಮೂರು ಫ್ಯಾನು, ನವಿಲುಗರಿಯ ಬಣ್ಣವೆಲ್ಲ ಅದರಲ್ಲಿ ಸುತ್ತುತ್ತಿತ್ತು. "ಸಖತ್ ಪೀಸ್ ಅಂಕಲ್, ಎಸ್‌ಎಂಪಿಎಸ್ ಇದ್ರ ಜೊತೆ ಫ್ರೀ" ಅಂದ. ಹೇಮ "ಫ್ರೀನಾ? ಯಾವ್ ಕಂಪ್ನಿ?" ಅಂತ ಕೇಳಿದಳು. "ಎಲ್ಲಾ ಒಂದೇ ಪುಟ್ಟಿ" ಅಂದುಬಿಟ್ಟ. ನಾನು ಆ ಬಣ್ಣ ನೋಡುತ್ತಾ ನಿಂತಿದ್ದೆ. ಕೊಂಬಿಗೆ ಮನಸೋಲುವವನು ನಾನು, ನಿನಗೆ ಗೊತ್ತಲ್ಲ. ನೋಟು ತೆಗೆದು ಹಿಡಿದುಕೊಂಡೆ. ಕೊಡಲಿಲ್ಲ, ಸ್ವಲ್ಪ ಹೊತ್ತು ಕಾದೆ. "ಏನಂಕಲ್, ಇನ್ನೇನಾದ್ರೂ ಬೇಕಾ?" ಅಂದ ಹುಡುಗ. ಹಿಂದಿನಿಂದ ಸದ್ದಿಲ್ಲ. ಎ.ಸಿ. ಅಂಗಡಿಯಲ್ಲಿ ಧೂಳೆಲ್ಲಿ ಬರಬೇಕು, ಕೆಮ್ಮೆಲ್ಲಿ ಬರಬೇಕು? ಕೊಟ್ಟೆ. ನಾವು ಇಡ್ಲಿ ತಿಂದು ಬರುವಷ್ಟರಲ್ಲಿ ಕೂಡಿಸಿ ಇಟ್ಟಿದ್ದ. ಆಟೋದಲ್ಲಿ ಬಾಣಂತಿ ಮಗು ತರುವ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆವು. ಎಷ್ಟು ಹಗುರ ಅಂತ ಖುಷಿಪಟ್ಟೆ. ಗಟ್ಟಿ ಮಾಲಿಗೆ ತೂಕ ಇರಬೇಕಲ್ಲ, ಆ ಹಗುರಕ್ಕೆ ನೀನು ಅಲ್ಲೇ ಕೆಮ್ಮುತ್ತಿದ್ದೆ.

ಸಂಕ್ರಾಂತಿ ದಿನ ಸೊಣ್ಣಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಎಳ್ಳುಬೆಲ್ಲ ಮುಂದಿಟ್ಟಳು. "ದನ ಕಿಚ್ಚು ಹಾಯ್ಸೋ ದಿನ ಇದನ್ನೇನು ಹಾಯ್ಸಣ?" ಅಂತ ತಮಾಷೆ ಮಾಡಿದಳು. ದುಂಡವ್ವ ಕೈ ಹಿಟ್ಟು ಒರೆಸಿಕೊಂಡು ಬಂದಳು. ಹೇಮ ಸ್ವಿಚ್ ಒತ್ತಿದಳು. ಬೆಳಕೋ ಬೆಳಕು. ಪರದೆಯ ಮೇಲೆ ನೀಲಿ ಬಸ್ಸು, ನಮ್ಮ ಊರಿನದೇ ಹಾಗೆ. ಮಗು ಅದನ್ನು ಡಿಪೋದಿಂದ ಹೊರಗೆ ತಂದಾಗ ರವಿಕುಮಾರ ಯೂನಿಫಾರ್ಮಿನಲ್ಲೇ ಹಿಂದೆ ನಿಂತು "ಕನ್ನಡಿ ನೋಡಮ್ಮ, ಕನ್ನಡಿ. ಲೆಫ್ಟಲ್ಲಿ ಆಟೋ ನುಗ್ತಾನೆ" ಅನ್ನುತ್ತಿದ್ದ. ಅವನು ನಕ್ಕದ್ದನ್ನು ಎಷ್ಟೋ ದಿನದ ಮೇಲೆ ಕಂಡೆ. ಸ್ಟಾಪಿನಲ್ಲಿ ಜನ ಹತ್ತಿದರು, ಬಸ್ಸು ತುಂಬಿತು, ಮೇಲ್ಸೇತುವೆ ಏರುವುದಕ್ಕೆ ಶುರು ಮಾಡಿತು. ಪಟ್ ಅಂತ ಎಲ್ಲ ಕತ್ತಲೆ.

ಮತ್ತೆ ಒತ್ತಿದಳು, ಮತ್ತೆ ಬೆಳಕು, ಮತ್ತೆ ಡಿಪೋ. ಏರು ಬಂದ ಕೂಡಲೇ ಕತ್ತಲೆ. ಕೆಂದೆತ್ತು ಮಲಗಿದ ಹಾಗೆಯೇ ಪಾಪಯ್ಯ. ಹೊರೆ ಕಂಡರೆ ಕಾಲು ಮಡಿಸುವುದು. ಅಂಗಡಿಗೆ ಫೋನು ಮಾಡಿದರೆ ಹುಡುಗ "ಎಸ್‌ಎಂಪಿಎಸ್ ಎಳೀತಿಲ್ಲ ಅಂಕಲ್" ಅಂದ, ತಾನು ಕೊಟ್ಟದ್ದೇ ಅಲ್ಲವೇನೋ ಅನ್ನುವ ಹಾಗೆ. ಬರುವ ಶನಿವಾರದೊಳಗೆ ತಂದರೆ ಗಾಜಿನ ಕ್ಯಾಬಿನೆಟ್ಟು ವಾಪಸು ಇಟ್ಟುಕೊಂಡು ಅದೇ ದುಡ್ಡಿಗೆ ಬೇರೆ ಎಸ್‌ಎಂಪಿಎಸ್, ಸಾದಾ ಡಬ್ಬ ಕೊಡುತ್ತಾನಂತೆ. ಆಮೇಲೆ ಆಗುವುದಿಲ್ಲವಂತೆ. ಯಾವುದನ್ನು ಕೊಡುತ್ತಾನೋ, ನಾನು ಮತ್ತೆ ಯಾವುದರ ಕೊಂಬು ನೋಡಿ ಬರುತ್ತೇನೋ. ಹೇಮ ಅಳಲಿಲ್ಲ. ಹಾರ ತೆಗೆದಿಟ್ಟು, ನೀನು ಬಾಗಿಲ ಹಿಂದೆ ಬಿಟ್ಟು ಹೋದ ಕೆಂಪು ಟವಲನ್ನು ಅದಕ್ಕೆ ಹೊದಿಸಿದಳು. "ಬಿಡಿ ದೊಡ್ಡತಾತ, ತಾತ ಬಂದ್ಮೇಲೆ ನೋಡಣ" ಅಂದಳು. ಆಮೇಲೆ ಗೋಡೆ ನೋಡಿಕೊಂಡು "ಬರ್ತಾರಾ?" ಅಂದಳು. ನಾನು ಟ್ಯಾಂಕರು ಬಂತೇನೋ ನೋಡುತ್ತೇನೆ ಅಂತ ಎದ್ದು ಬಂದೆ. ಟ್ಯಾಂಕರು ಬೆಳಿಗ್ಗೆಯೇ ಬಂದು ಹೋಗಿತ್ತು.

ನಿನ್ನೆ ಊಟಕ್ಕೆ ಕೂತಾಗ ದುಂಡವ್ವ ರೊಟ್ಟಿ ಹಾಕುತ್ತಾ ಹಾಕುತ್ತಾ ಶುರು ಮಾಡಿದಳು. "ಒಂದ ಎತ್ತು ಕಟ್ಟಿ ಬಂಡಿ ಹೊಡಿಯಾಕ ಹೊಂಟೀರಲ್ಲ ಯಜಮಾನ್ರ, ಅದು ಹೆಂಗ ಎಳೀತೈತ್ರಿ?" ಅಂದಳು. "ನನ್ನ ಸಲುವಾಗಿ ಅಣ್ತಮ್ಮ ಮಾತು ಬಿಟ್ಟೀರಿ. ಒಲೀ ಮುಂದ ಕುಂತ್ರ ಅದ ನೆನಪಾಗತೈತಿ. ಹೇಳ್ರಿ, ನಾಳೀಗೇ ಖೋಲಿ ಬಿಡ್ತೀನಿ" ಅಂದಳು. "ಸುಮ್ಕಿರಮ್ಮ, ಇನ್ನೊಂದು ರೊಟ್ಟಿ ಹಾಕು" ಅಂದೆ. ಹಾಕಿದಳು. ತಿನ್ನದೆ ತಟ್ಟೆಯಲ್ಲೇ ಮುರಿಯುತ್ತಾ ಕೂತೆ. ಅವಳು ಖಾರ ಜಾಸ್ತಿಯಾಯಿತೇನೋ ಅಂದುಕೊಂಡು ಮೊಸರು ತಂದಿಟ್ಟಳು.

ಕಥೆ ಇಷ್ಟೇ. ಉದ್ದವಾಯಿತು. ಸೊಣ್ಣಮ್ಮ ಬಾಗಿಲಲ್ಲಿ ನಿಂತು "ಇಷ್ಟು ಮಾತು ಎದುರಿಗೆ ಆಡಿದ್ರೆ ಆಗ್ತಿರ್ಲಿಲ್ವಾ" ಅಂತ ಬೈಯುತ್ತಿದ್ದಾಳೆ. ರವಿಕುಮಾರ ಡ್ಯೂಟಿಗೆ ಹೊರಟಿದ್ದಾನೆ, ಕಾಗದ ಕೊಡಿ ಅಂತ ಗಾಡಿ ಚಾಲೂ ಮಾಡಿಕೊಂಡೇ ನಿಂತಿದ್ದಾನೆ. ಅಂಕಮ್ಮನಿಗೂ ಅವಳ ಮನೆಯವರಿಗೂ ನನ್ನ ಆಶೀರ್ವಾದ ತಿಳಿಸು. ಅವರೆಕಾಯಿಯನ್ನು ಹಾಗೇ ಇಟ್ಟುಕೊಳ್ಳಬೇಡಿ, ಹಿತುಕಿ ಸಾರು ಮಾಡಿ. ಮಾದೇಶ್ವರ ನಿನ್ನನ್ನು ಕಾಯಲಿ. ತಲೆಗೆ ಮಫ್ಲರ್ ಸುತ್ತಿಕೊಳ್ಳದೆ ಹೊರಗೆ ಓಡಾಡಬೇಡ.

ಇಂತಿ ನಿನ್ನ ಅಣ್ಣ,
ಬೋರಣ್ಣ

ಮರೆತ ಮಾತು: ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೂ ಹೇಮಳೂ ಡಬ್ಬ ಹೊತ್ತು ಬನಶಂಕರಿ ಬಸ್ ನಿಲ್ದಾಣದಲ್ಲಿ, ಕನಕಪುರದ ಬಸ್ಸು ಬಂದು ನಿಲ್ಲುವ ಕಡೆ ಇರುತ್ತೇವೆ. ಅಲ್ಲಿಂದ ಮೆಟ್ರೋ. ಮಗುವಿಗೆ ಏನೂ ಹೇಳಿಲ್ಲ, ನೀನು ಬರದಿದ್ದರೂ ಅವಳಿಗೆ ಗೊತ್ತಾಗುವುದಿಲ್ಲ. ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ. ಮೆಟ್ರೋದಲ್ಲಿ ಬೇಕಾದರೆ ಬೇರೆ ಬೋಗಿಯಲ್ಲಿ ಕೂತುಕೋ. ಅಂಗಡಿಯಲ್ಲಿ ನನಗೆ ಸಂಬಂಧವೇ ಇಲ್ಲದವನ ಹಾಗೆ ಹಿಂದೆ ನಿಂತಿರು. ಕೆಮ್ಮಿದರೆ ಸಾಕು.